ಹದಿನೇಳನೇ ಲೆಕ್ಕ

ಇಪ್ಪತ್ತಾರು ವರ್ಷ ತಂತಿ ಸುಲದ ಹಲ್ಲು ನನ್ನವು.
ಟೆಸ್ಟರ್ ಇಲ್ಲದಿದ್ರೂ ಹೇಳ್ತೀನಿ,
ಬೆರಳಿನ ಹಿಂಬದಿ ಮುಟ್ಟಿಸಿ,
ಯಾವುದು ಜೀವಂತ, ಯಾವುದು ಸತ್ತದ್ದು.
ಈಗ ಲೈಸೆನ್ಸಿನ ಪರೀಕ್ಷಾಕ್ಕ
ಪೆನ್ಸಿಲ್ ಹಿಡಿ ಅಂತಾಳ ಮಗಳು.

ವಾಸ್ಕೋದ ಮಂಗೋರ್ ಹಿಲ್ಲಿನ ಖೋಲ್ಯಾಗ, ರಾತ್ರಿ ಒಂಬತ್ತಕ್ಕ,
ಬಂದರದ ಕಲ್ಲಿದ್ದಲ ಧೂಳು ಪುಸ್ತಕದ ಮ್ಯಾಲಿಂದ ಒರಸಿ,
ಇಂಗ್ಲಿಷಿನ್ಯಾಗ ಓದಿ ಕನ್ನಡದಾಗ ಹೇಳಿ
ದಾನೇಶ್ವರಿ ಬ್ಯಾಟರಿ ಬರೀತಾಳ:
ಒಂದು ಉದ್ದ ಗೆರಿ, ಒಂದು ಗಿಡ್ಡ.
ಹನ್ನೆರಡು ವೋಲ್ಟ್.
ಅಡ್ಡಿಗೆ ಹಾವು ಹರದಂಗ ಸೊಟ್ಟ ಗೆರಿ,
ಆರು ಓಮಿಂದು, ಮೂರು ಓಮಿಂದು, ಬಾಜೂಕ ಬಾಜೂ;
ಮುಂದ ಸಾಲಿನ್ಯಾಗ ಎರಡು ಓಮಿಂದೊಂದು.

"ಆರೂ ಮೂರೂ ಒಂಬತ್ತು," ಅಂದೆ.
"ಅಪ್ಪಾ, ಇದು ಕಿರಾಣಿ ಚೀಟಿ ಅಲ್ಲ.
ಬಾಜೂಕ ಇದ್ದಾಗ ಕೂಡಸೂದಲ್ಲ. ಬರೇ ಎರಡು ಆಗ್ತೈತಿ."

ಎರಡು ಅಡ್ಡಿ ಕೂಡಿ ಅಡ್ಡಿ ಕಡಿಮಿ ಆಗೂದು
ಯಾವ ಊರಿನ ನ್ಯಾಯ?
ನಮ್ಮೂರಾಗ ಇಬ್ಬರು ಅಡ್ಡ ನಿಂತ್ರ
ಮದುವಿನೇ ನಿಲ್ತೈತಿ.
ಆಮ್ಯಾಲ ನೆನಪಾತು,
ಹಡಗು ಕಟ್ಟೂ ಕಾರಖಾನಿ, ಸಂಜಿ ಐದರ ಸೈರನ್ನು.
ದೊಡ್ಡ ಗೇಟಿನ ಬಾಜೂಕ ಸಣ್ಣ ಗೇಟು ತಗದ ದಿವಸ
ಸೈಕಲ್ಲಿನವರೆಲ್ಲ ಅತ್ತ ಹರದು
ನೂಕಾಟ ಇಳದಿತ್ತು.
ಸಣ್ಣದಾದ್ರೂ ಗೇಟು ಗೇಟೇ.

ಎರಡು, ಮತ್ತೊಂದೆರಡು, ನಾಕು ಓಮ್. ಮೂರು ಆಂಪಿಯರ್.
ಮೂರು ಓಮಿನ್ಯಾಗ ಎರಡು, ಆರು ಓಮಿನ್ಯಾಗ ಒಂದು.
ಹೆಚ್ಚು ತಕರಾರು ಮಾಡಿದಂವನ ಕಡೆ ಕಡಿಮಿ ಹರೀತೈತಿ.
ಇದು ಕಂತ್ರಾಟದಾರ ಎಂದೋ ಕಲಿಸ್ಯಾನ.

ಹದಿನಾರನೇದು ಕ್ಷೇತ್ರದ್ದು:
ಸರಿಸಮ ಎರಡು ಧನ ಆವೇಶ, ನಟ್ಟನಡುವ ಒಂದು ಬಿಂದು.
ಬಾಣ ಬರದ್ಲು ಎಡಕ, ಬಾಣ ಬರದ್ಲು ಬಲಕ.
"ಸೊನ್ನೆ. ಆದ್ರ ಅಲ್ಲಿ ಏನೂ ಇಲ್ಲಂತ ತಿಳೀಬ್ಯಾಡ.
ಎರಡೂ ಕಡಿಂದ ದಬ್ಬತಾವ, ಅದಕ್ಕ ಸುಮ್ಮನ ಕಾಣ್ತೈತಿ."
ಅವರವ್ವ ರೊಟ್ಟಿ ತಿರುವಿ ಹಾಕಿ
ನನ್ನ ಕಡೆ ನೋಡಿ ನಕ್ಕಳು.

ಹದಿನೇಳು.
"ಮೈ ಒಣಗಿದ್ರ ಒಂದು ಲಕ್ಷ ಓಮ್ ಅಂತ ಹಿಡಿ.
ತೊಯ್ದಿದ್ರ ಒಂದು ಸಾವಿರ.
ಎರಡುನೂರಾ ಮೂವತ್ತು ವೋಲ್ಟಿನ ತಂತಿ ಮುಟ್ಟಿದ್ರ
ಎರಡೂ ಸಲ ಎಷ್ಟೆಷ್ಟು ಹರೀತೈತಿ?"

ಮೊದಲನೇದು ಬೆರಳಿಗೆ ಗೊತ್ತು. ಜುಂ ಅನ್ನೂವಷ್ಟು.
ಎರಡನೇದು ಭಾಗಿಸಿದೆ.
ಸೊನ್ನೆ, ಬಿಂದು, ಎರಡು, ಮೂರು.
ಕಡೀ ಹಾಳ್ಯಾಗ ಉತ್ತರ ನೋಡಿ
"ಸರಿ ಐತಿ," ಅಂದ್ಲು.

ಬಾಯ್ನಾದ ಗೋದಾಮು. ಆಷಾಢ. ಅಲ್ಯೂಮಿನಿಯಂ ಏಣಿ.
ಮುದ್ದೇಬಿಹಾಳದ ಗುರುಪಾದ
ಮ್ಯಾಲಿಂದ ಕೇಳಿದ್ದ, "ಮೇನ್ ಬಂದ್ ಐತೇನೋ?"
ಕೆಳಗ ಯಾರೋ "ಹ್ಞೂಂ" ಅಂದ್ರು.
ಮಳಿ ಸಪ್ಪಳದಾಗ ಅದು ನನ್ನ ದನಿನೋ ಅಲ್ಲೋ,
ಹನ್ನೊಂದು ವರ್ಷ ಆತು,
ಗೊತ್ತಾಗವಲ್ಲದು.

ಹಣಿಬಾರ ಅಂದ್ರು ಎಲ್ಲಾರೂ.
ಮಣ್ಣು ಕೊಟ್ಟು ಬಂದು ನಾನೂ ಅಂದೆ.
ಹಣಿಬಾರಕ್ಕ ಇಷ್ಟು ಸಣ್ಣ ಅಂಕಿ ಐತಿ ಅಂತ
ಯಾರೂ ಹೇಳಿರಲಿಲ್ಲ.

"ಯೂನಿಟ್ ಬರೀ ಅಪ್ಪಾ,
ಇಲ್ಲಂದ್ರ ಅರ್ಧ ಮಾರ್ಕ್ಸ್ ಹೋಗ್ತೈತಿ."
ಬರದೆ. ಆಂಪಿಯರ್.

ಪೆನ್ಸಿಲ್ ಕಿವಿಗೆ ಸಿಗಿಸಿ ಎದ್ದೆ.
ಬಚ್ಚಲದ ಸ್ವಿಚ್ಚು ಎರಡು ವರ್ಷದಿಂದ ಜುಂ ಅಂತೈತಿ,
ಕೈಗೆ ಸೆರಗ ಸುತ್ತಿ ಒತ್ತತಾಳ ಆಕಿ,
ಊರ ಮಂದಿ ಮನಿಗೆಲ್ಲ ಅರ್ಥಿಂಗ್ ಎಳದವನ ಮನ್ಯಾಗ.

ಮೇನ್ ಎಳದೆ. ಕತ್ತಲಾತು.
ಮುಟ್ಟಿ ನೋಡಿದೆ, ಮತ್ತೊಮ್ಮಿ ಮುಟ್ಟಿ ನೋಡಿದೆ.
"ಬಂದ್ ಐತಿ," ಅಂತ
ಕೇಳದಿದ್ರೂ ಜೋರಾಗಿ ಅಂದೆ.

ಮೊಬೈಲಿನ ಬೆಳಕು ಹಿಡಕೊಂಡು ದಾನಿ ಬಂದ್ಲು:
"ಇನ್ನೂ ಎಂಟು ಲೆಕ್ಕ ಉಳದಾವ."

"ಇತ್ತ ಹಿಡಿ," ಅಂದೆ,
"ಇಲ್ಲಿ, ಸ್ಕ್ರೂ ಕಾಣೂವಂಗ."